ಸಹಿ ಹಾಕದೆ ಕಳಿಸಿದ ಕಾಗದ

ಹೊಸಕೋಟೆ
7 ಡಿಸೆಂಬರ್ 2025

ಪ್ರೀತಿಯ ತಮ್ಮ ಮುನೀಂದ್ರನಿಗೆ ಅಕ್ಕನ ಆಶೀರ್ವಾದಗಳು.

ನಾನೂ ಅಮ್ಮನೂ ಚೆನ್ನಾಗಿದ್ದೇವೆ. ಅರಿಶಿನಕುಂಟೆಯಲ್ಲಿ ನೀನೂ ಮೋನಿಷಾಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಲಕೋಟೆ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಕೋಪ ಇಳಿದ ಮೇಲೆ ಬರೆಯೋಣ ಎಂದುಕೊಂಡಿದ್ದೆ. ಇಳಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ "ಮೀಟಿಂಗಲ್ಲಿದೀನಿ" ಎಂದು ಇಟ್ಟುಬಿಡುತ್ತೀಯ.

ಗೌರಿ ಹಬ್ಬದ ದಿನ ನೀನು ಮೈಸೂರು ಪಾಕ್ ಹಿಡಿದುಕೊಂಡು ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು. "ಅಕ್ಕಾ, ನಿನ್ ಅಂಗವಿಕಲರ ಕಾರ್ಡ್ ಕೊಡು, ಫೋಟೊ ತಕ್ಕೊಂಡ್ ಹೋಗ್ತೀನಿ. ಮೂರು ಚಕ್ರದ ಸ್ಕೂಟರ್ ಕೊಡ್ತಾರಂತೆ, ವಿಚಾರಿಸ್ತೀನಿ" ಅಂದೆ. ನಾನು ಪೆದ್ದಿ, ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲೆಲ್ಲ ಸಾರಿಕೊಂಡು ಬಂದೆ, ನನ್ನ ತಮ್ಮ ಗಾಡಿ ಕೊಡಿಸುತ್ತಾನೆ ಎಂದು. ಈಗ ಜೊತೆಯಲ್ಲಿ ಕೆಲಸ ಮಾಡುವ ಮಮತ ಊಟದ ಹೊತ್ತಿಗೆ ದಿನಾ, "ಎಲ್ಲೇ ನಿನ್ ಗಾಡಿ? ಒಂದ್ ರೌಂಡ್ ಕರ್ಕೊಂಡ್ ಹೋಗೇ" ಎಂದು ಕಾಡುತ್ತಾಳೆ.

ಗಾಡಿಯ ಬದಲು ನಿನ್ನ ಲಕೋಟೆಯಲ್ಲಿ ಬಂದದ್ದು ಈ ಕಾಗದ. ಮೇಲೆ ನಿನ್ನ ಹೇಳಿಕೆ, ಕೆಳಗೆ ನನ್ನದು. ನಾನು ತಮ್ಮನ ಆಶ್ರಯದಲ್ಲಿದ್ದೇನೆ, ನನಗೆ ಬೇರೆ ಆದಾಯವಿಲ್ಲ, ನನ್ನ ಖರ್ಚೆಲ್ಲ ಅವನದೇ ಎಂದು ನನ್ನ ಬಾಯಲ್ಲಿ ಹೇಳಿಸಿದ್ದೀಯ. ಸಹಿಯ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಬೇರೆ ಹಾಕಿದ್ದೀಯ!

ನಿನ್ನ ಸಂಬಳದಲ್ಲಿ ಕಂಪನಿಯವರು ಟ್ಯಾಕ್ಸ್ ಜಾಸ್ತಿ ಹಿಡಿದರು, ನಿಜ. ಯಾಕೆ ಹಿಡಿದರಪ್ಪಾ? ಎಲ್‌ಐಸಿ ರಸೀದಿ, ಬಾಡಿಗೆ ರಸೀದಿ ಕೊಡಿ ಎಂದು ಆಫೀಸಿನವರು ಬಡಕೊಂಡರೂ ನೀನು ಹೊತ್ತಿಗೆ ಸರಿಯಾಗಿ ಕೊಡಲಿಲ್ಲ. ಆ ರಸೀದಿಗಳನ್ನು ರಿಟರ್ನಿನಲ್ಲಿ ತೋರಿಸಿ ನಿನ್ನ ದುಡ್ಡು ನೀನು ವಾಪಸು ಕೇಳು, ಬೇಡ ಅಂದವರು ಯಾರು? ಅದು ಸಾಲದೆಂದು, ಅಂಗವಿಕಲರನ್ನು ಸಾಕುವವರಿಗೆ ಟ್ಯಾಕ್ಸ್ ಕಡಿಮೆಯೆಂದು, ನೀನು ಸಾಕುತ್ತಿರುವ ಅಕ್ಕ ಎಂದು ನನ್ನನ್ನೂ ಅದರೊಳಗೆ ಸೇರಿಸಿದೆ. ಈಗ ಆಡಿಟರು ಪುರಾವೆ ಕೇಳಿದಾಗ ಅಕ್ಕನ ನೆನಪಾಯಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅನ್ನುತ್ತಾರಲ್ಲ, ನೀನು ನನ್ನ ಕಾಲಿನ ಮೇಲೆ ಜಾತ್ರೆ ಮಾಡಲು ಹೊರಟಿದ್ದೀಯ.

ಅಮ್ಮನದು ಒಂದೇ ರಾಗ. "ಒಂದ್ ಸೈನ್ ತಾನೆ ಕಣೇ, ಹಾಕ್ಬಿಡು. ನಿನ್ ಗಂಟೇನ್ ಹೋಗ್ತದೆ?" ಈ ಮನೆಯ ಬಾಡಿಗೆ, ಅಮ್ಮನ ಬಿಪಿ ಮಾತ್ರೆ, ಗ್ಯಾಸು, ಎಲ್ಲ ನಡೆಯುತ್ತಿರುವುದು ನನ್ನ ಸಂಬಳದಲ್ಲಿ. ಕಾಲಿಗೆ ಆಸರೆಯ ಕ್ಯಾಲಿಪರ್ ಕಟ್ಟಿಕೊಂಡು ಬೆಳಗಾಗೆದ್ದು ಫ್ಯಾಕ್ಟರಿ ಬಸ್ಸು ಹತ್ತುವವಳು ನಾನು. "ಹಂಗಾದ್ರೆ ನಾನ್ ದುಡಿಯೋದು ಸುಳ್ಳೇನಮ್ಮಾ?" ಎಂದೆ. ಅಮ್ಮ ಅಕ್ಕಿಯ ಮೊರ ಎತ್ತಿಕೊಂಡು ಒಳಗೆ ಹೋದಳು.

ಸಹಿ ಹಾಕುವುದಿಲ್ಲ ಮುನೀಂದ್ರ. ಕಾಗದವನ್ನು ಇದರ ಜೊತೆಗೇ ವಾಪಸು ಇಟ್ಟಿದ್ದೇನೆ. ಈ ತಿಂಗಳ ಕೊನೆಯವರೆಗೆ ರಿಟರ್ನ್ ತಿದ್ದಿ ಹಾಕಬಹುದಂತೆ. ನನ್ನ ಹೆಸರು ತೆಗೆದುಹಾಕು. ತೆಗೆಯದಿದ್ದರೆ, ಯಾರು ಬಂದು ಕೇಳಿದರೂ ನನ್ನ ಸಂಬಳದ ಚೀಟಿ ತೋರಿಸುತ್ತೇನೆ. ಆಮೇಲೆ ಅಕ್ಕ ಹೀಗೆ ಮಾಡಿದಳು ಎನ್ನಬೇಡ.

ಇಷ್ಟೆಲ್ಲ ಬೈದರೂ ನಿನಗೆ ಕೆಟ್ಟದ್ದು ಬಯಸುವವಳಲ್ಲ. ಮೋನಿಷಾ ಬಸುರಿ, ಅವಳ ಕೈಲಿ ನೀರಿನ ಕ್ಯಾನ್ ಎತ್ತಿಸಬೇಡ. ದೇವರು ನಿಮ್ಮಿಬ್ಬರನ್ನೂ ಹುಟ್ಟುವ ಕೂಸನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ರಂಜಿತ

ತಾ.ಕ.: ವಾಪಸು ಇಟ್ಟ ಕಾಗದದ ಮೇಲ್ಭಾಗದಲ್ಲಿ, ನಿನ್ನ ಹೇಳಿಕೆಯ ಒಂದು ಸಾಲು ಇಲ್ಲದ್ದು ನೋಡಿ ಗಾಬರಿಯಾಗಬೇಡ, ಕತ್ತರಿಸಿಕೊಂಡವಳು ನಾನೇ. ನಿನ್ನ ಮದುವೆ ಮಾತುಕತೆಯಾಗುವಾಗ ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆಂದು ನನ್ನನ್ನು ಸಾಸಲಿನ ಚಿಕ್ಕಮ್ಮನ ಮನೆಗೆ ಕಳಿಸಿದಿರಿ. ನಿನ್ನ ಮದುವೆ ಮುಗಿಯುವವರೆಗೂ ಅಲ್ಲೇ ಇದ್ದೆ. ಮದುವೆ ಕಾರ್ಡಿನಲ್ಲಿ ಚಿಕ್ಕಪ್ಪನ ಮೊಮ್ಮಕ್ಕಳ ಹೆಸರೂ ಇತ್ತು, ನನ್ನದಿರಲಿಲ್ಲ. "ರಂಜಿತ ನನ್ನ ಸ್ವಂತ ಅಕ್ಕ" ಎಂದು ನೀನು ಬರೆದುಕೊಟ್ಟಿರುವುದು ಇದೊಂದರಲ್ಲೇ. ಆ ಸಾಲು ನನ್ನ ಹತ್ತಿರ ಇರಲಿ.