ನನ್ನ ಹೆಂಡತಿಯನ್ನು ಬೇರೆ ಗುಂಪಿಗೆ ಹಾಕಿದ ಚೀಟಿ

ಪಠ್ಯಕ್ರಮ ಮಂಡಳಿಯ ಮಾನ್ಯ ಅಧ್ಯಕ್ಷರೇ,

ಸಂಜೆ ಪದವಿ ತರಗತಿಗೆ ನೀವು ತಂದ 'ಸೃಜನಶೀಲ ಗುಂಪು ಯೋಜನೆ'ಯಿಂದ ನನಗಾದ ವೆಚ್ಚವನ್ನು ಮೊದಲು ಹೇಳಿಬಿಡುತ್ತೇನೆ. ಐದು ವಾರ ಅಂಗಡಿ ಬೇಗ ಮುಚ್ಚಿದೆವು. ಒಂದು ಮೂಟೆ ತುಂಡುಬಟ್ಟೆ ಹೋಯಿತು. ಇಬ್ಬರು ಗಿರಾಕಿಗಳು ಎದುರಂಗಡಿಯ ಪಾಲಾದರು. ಇವೆಲ್ಲ ತುಂಬಿಕೊಳ್ಳಬಹುದಾದ ನಷ್ಟ. ತುಂಬಿಕೊಳ್ಳಲಾಗದ್ದು ಇನ್ನೊಂದಿದೆ: ನನ್ನ ಹೆಂಡತಿ ಈಗ ನನ್ನ ಜೊತೆಗಿಂತ ತನ್ನ ಗುಂಪಿನವರ ಜೊತೆ ಹೆಚ್ಚು ನಗುತ್ತಾಳೆ.

ನೀವು ನಗಬೇಡಿ. ನಾವಿಬ್ಬರೂ ಪರದೆ ಹೊಲಿದು ಮಾರುವವರು. ಅಳತೆ, ಮಾತು, ಚೌಕಾಸಿ ನನ್ನದು. ಕತ್ತರಿ, ಹೊಲಿಗೆ ಅವಳದು. ಮದುವೆಯಿಂದ ನಿಂತುಹೋಗಿದ್ದ ಓದನ್ನು ಮುಗಿಸುತ್ತೇನೆಂದು ಅವಳು ಹೊರಟಾಗ, ಓದಿನ ಗೀಳು ಎಂದೂ ಇಲ್ಲದ ನಾನೂ ಹೆಸರು ಬರೆಸಿದೆ. ಒಂದೇ ಬೆಂಚಿನಲ್ಲಿ ಕೂರಬಹುದೆಂಬ ಆಸೆ, ಅಷ್ಟೆ. ನಿಮ್ಮ ಅಧ್ಯಾಪಕಿ ಚೀಟಿ ಎತ್ತಿಸಿ ಅವಳನ್ನು ಕಿಟಕಿ ಪಕ್ಕದ ಗುಂಪಿಗೆ ಹಾಕಿದರು. ನನ್ನನ್ನು ಬಾಗಿಲ ಪಕ್ಕದಲ್ಲಿ ಒಬ್ಬ ಕೊರಿಯರ್ ಹುಡುಗ, ಒಬ್ಬ ನರ್ಸು, ಒಬ್ಬ ಬ್ಯಾಂಕ್ ಗುಮಾಸ್ತನ ಜೊತೆ ಕೂರಿಸಿದರು. ವಿಷಯ 'ನಮ್ಮೂರಿನ ಒಂದು ಬೀದಿ'. ಏನು ಬೇಕಾದರೂ ಮಾಡಿ, ಆದರೆ ಕೂಡಿ ಮಾಡಿ ಎಂದರು.

ಕೂಡಿ ಮಾಡುವುದು ಹೇಗೆಂದು ಯಾರು ಹೇಳಿಕೊಟ್ಟರು, ಸ್ವಾಮಿ? ಲೆಕ್ಕಶಾಸ್ತ್ರಕ್ಕೆ ವಾರಕ್ಕೆ ನಾಲ್ಕು ಪಾಠ, ಕಾನೂನಿಗೆ ಮೂರು. ನಾಲ್ವರು ಅಪರಿಚಿತರು ಒಂದು ಮೇಜಿನ ಸುತ್ತ ಕುಳಿತು ಜಗಳವಾಡದೆ ಏನನ್ನಾದರೂ ಕಟ್ಟುವ ವಿದ್ಯೆಗೆ ಅರ್ಧ ಗಂಟೆಯೂ ಇಲ್ಲ. ಅಂಕ ಮಾತ್ರ ಉಂಟು! ನನಗೆ ಗೊತ್ತಿದ್ದದ್ದು ಅಂಗಡಿಯ ರೀತಿ. ರಟ್ಟಿನ ಬೀದಿ ಮಾಡೋಣವೆಂದು ನಾನೇ ತೀರ್ಮಾನಿಸಿ, ಬೀದಿಯನ್ನು ನಾಲ್ಕು ತುಂಡು ಮಾಡಿ, ತಲೆಗೊಂದರಂತೆ ಮನೆಗೆ ಕೊಟ್ಟು ಕಳಿಸಿದೆ. ಪ್ರದರ್ಶನದ ದಿನ ಜೋಡಿಸಿದರೆ ಕೊರಿಯರ್ ಹುಡುಗನ ಬಸ್ಸು ನನ್ನ ಅಂಗಡಿಗಿಂತ ಎತ್ತರ. ನರ್ಸಮ್ಮನ ಚರಂಡಿ ನೇರವಾಗಿ ನನ್ನ ಬಾಗಿಲಿಗೇ ಬಂದು ನಿಂತಿತು.

"ಇದು ಒಂದೇ ಬೀದೀನಾ?" ಎಂದರು ಅಧ್ಯಾಪಕಿ.

"ಒಟ್ಟಿಗೆ ಕೂತ್ರೆ ಟೈಮ್ ವೇಸ್ಟು ಅಂತ ಅಂಕಲ್ ಹೇಳಿದ್ರು, ಮೇಡಂ," ಎಂದ ಕೊರಿಯರ್ ಹುಡುಗ. ಸುಳ್ಳೇನೂ ಹೇಳಲಿಲ್ಲ, ಪಾಪಿ.

ಆಮೇಲೆ ಕಿಟಕಿ ಪಕ್ಕದವರ ಸರದಿ. ನಮ್ಮ ಅಂಗಡಿಯ ತುಂಡುಬಟ್ಟೆಯಲ್ಲಿ ಹೊಲಿದ ಬೊಂಬೆಗಳು ಮೇಜಿನ ಅಂಚಿನಲ್ಲಿ ಎದ್ದು ನಿಂತವು. ಬಸ್ ಕಂಡಕ್ಟರು, ಕೆಮ್ಮುವ ಮುದುಕ, ಬಾಡಿಗೆ ಕೇಳುವ ಗಯ್ಯಾಳಿ. ಮೂವರ ದನಿಯೂ ನನ್ನ ಹೆಂಡತಿಯದು! ತರಗತಿ ಬಿದ್ದು ಬಿದ್ದು ನಕ್ಕಿತು. ಮೇಜಿನ ಹಿಂದೆ ಅವಳ ಗುಂಪಿನವರು "ಅಕ್ಕಾ, ಇನ್ನೊಂದ್ಸಲ, ಇನ್ನೊಂದ್ಸಲ!" ಎಂದು ಪಿಸುಗುಟ್ಟುತ್ತಿದ್ದುದು ನನಗೆ ಕೇಳಿಸಿತು. ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತ ನನಗೆ ಗೊತ್ತಿಲ್ಲದ್ದು ಐದು ವಾರದ ಪರಿಚಯದವರಿಗೆ ಗೊತ್ತಾಗಿತ್ತು.

ಮನೆಗೆ ಬರುವ ದಾರಿಯಲ್ಲಿ ಕೇಳಿದೆ: "ಈ ದನಿಗಳನ್ನೆಲ್ಲ ಯಾವಾಗ ಕಲಿತೆ?"

"ಕಲಿಯೋದೇನು ಬಂತು? ಅಂಗಡೀಗೆ ಬಂದೋರನ್ನ ದಿನಾ ಕೇಳ್ತೀನಲ್ಲ."

"ನನ್ನ ಮುಂದೆ ಒಂದಿನಾನೂ ಮಾಡಿ ತೋರಿಸಿಲ್ಲ."

"ನೀವು ಉಸಿರು ತಗೊಳ್ಳೋಕಾದ್ರೂ ನಿಲ್ಲಿಸಿದ್ರೆ ತಾನೇ, ರೀ! ಅವರು ಮೊದಲನೇ ದಿನಾನೇ 'ನಿಮಗೇನು ಬರುತ್ತೆ, ಅಕ್ಕಾ' ಅಂತ ಕೇಳಿದ್ರು."

ಮುಂದಿನ ಅವಧಿಗೆ ವಿದ್ಯಾರ್ಥಿಗಳೇ ಗುಂಪು ಆರಿಸಿಕೊಳ್ಳಬಹುದೆಂದು ನೋಟಿಸು ಹಾಕಿದ್ದೀರಿ. ಅವಳ ಗುಂಪಿನವರು ಅವಳನ್ನು ಆಗಲೇ ಕೇಳಿದ್ದಾರೆ. ಶುಕ್ರವಾರದೊಳಗೆ ಹೆಸರು ಕೊಡಬೇಕಂತೆ. ಗುಂಪಿಗೆ ನಾಲ್ವರೇ ಎಂಬ ನಿಯಮವೂ ನಿಮ್ಮದೇ. ಆದ್ದರಿಂದ ನನ್ನ ಒತ್ತಾಯ: ಆ ನಾಲ್ಕನ್ನು ಐದು ಮಾಡಿ. ಮೊದಲ ವಾರ ಪೂರ್ತಿ ಕೂಡಿ ಕೆಲಸ ಮಾಡುವುದನ್ನು ಕಲಿಸಿ. ಎದುರಿಗೆ ಕೂತವರನ್ನು ಏನು ಕೇಳಬೇಕು ಎಂಬಲ್ಲಿಂದಲೇ ಶುರುಮಾಡಿ. ಕಿಟಕಿ ಪಕ್ಕಕ್ಕೆ ನಾನೇ ಹೋಗಿ ನನ್ನನ್ನೂ ಸೇರಿಸಿಕೊಳ್ಳಿ ಎಂದು ಕೇಳುತ್ತೇನೆ. ಅವಳು ಬೇಡವೆಂದರೆ ಅದು ಅವಳ ಇಷ್ಟ. ನಿಮ್ಮ ನಿಯಮ ಬೇಡವೆನ್ನಬಾರದು.

ನಿಮ್ಮ ಯೋಜನೆಯಿಂದ ಸದ್ಯಕ್ಕೆ ಬಂದದ್ದು ಇಷ್ಟು. ವಿಶ್ವವಿದ್ಯಾಲಯಕ್ಕೆ ಗೋಡೆಗೆ ಹಾಕಲು ಬೊಂಬೆಯಾಟದ ಒಂದು ಫೋಟೊ. ಕಿಟಕಿ ಪಕ್ಕದ ಮೂವರಿಗೆ ಒಬ್ಬ ಅಕ್ಕ. ಅವಳಿಗೆ ಐವತ್ತಕ್ಕೆ ನಲವತ್ತೆಂಟು, ಜೊತೆಗೆ ಮೂವರು ಗೆಳೆಯರು. ನನಗೆ ಹದಿನೆಂಟು. ಪಾಸು.

ಇಂತಿ,
ಶುಕ್ರವಾರದವರೆಗೆ ಬಾಯಿ ಬಿಗಿಹಿಡಿದಿರುವ
ಪರದೆ ಅಂಗಡಿಯವನು