ರಾಣಿಯ ಬಲಗೈ

ಗೆಳತಿ,

ಇವತ್ತು ಸಂಪಾದಕರು ನನ್ನ ಮಾಯಾರಾಣಿ ಕಾಮಿಕ್ಸಿನ ಒಂದು ಪುಟ ವಾಪಸ್ ಕೊಟ್ಟರು. ರಾಣಿ ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಳ್ಳುವ ಚಿತ್ರ. "ಏನಮ್ಮಾ, ರಾಣಿಗೆ ಎರಡೂ ಎಡಗೈ! ಪಾಪ, ರಾಜ ಯಾವ ಕೈ ಹಿಡಿದು ಮದುವೆಯಾದ?" ಎಂದು ಕಚೇರಿಗೆಲ್ಲ ಕೇಳುವಂತೆ ನಕ್ಕರು. ನಾನೂ ನಕ್ಕೆ.

ಬಲಗೈಯಲ್ಲಿ ಪೆನ್ಸಿಲ್ ಹಿಡಿದು, ನನ್ನ ಎಡಗೈಯನ್ನೇ ನೋಡಿಕೊಂಡು ಬರೆದಿದ್ದೆ ಕಣೇ. ಮಗಳು ಮೂರು ದಿನದಿಂದ ಕಣ್ಣು ಮುಚ್ಚಲು ಬಿಟ್ಟಿಲ್ಲ, ಗೊತ್ತೇ ಆಗಲಿಲ್ಲ. ಮೊದಲಾದರೆ ನೀನು ಎದುರಿಗೆ ಕೂತು, "ತಗೋ, ಬೆರಳು ಎಣಿಸ್ಕೊಂಡು ಬರಿ, ಆರು ಮಾಡ್ಬೇಡ" ಎಂದು ಕೈ ಚಾಚುತ್ತಿದ್ದೆ. ನನ್ನ ಅಷ್ಟೂ ರಾಣಿಯರ ಕೈ ನಿನ್ನದೇ.

ನೀನು ಮಗು ನೋಡಲು ಬಂದ ದಿನ, ಆ ಕೈಯಿಂದ ಅವಳನ್ನು ಮುಟ್ಟಲು ನಾನೇ ಬಿಡಲಿಲ್ಲ. ತೊಳೆದುಕೋ ಎಂದೆ, ನೀನು ತೊಳೆದು ಬಂದೆ. ಇನ್ನೊಂದು ಸಲ ಎಂದೆ ನಾನು. ನೀನು ಟವೆಲ್ ಮಡಿಸಿಟ್ಟು, "ಬರ್ತೀನಿ" ಎಂದು ಹೊರಟೆ.

"ನಿನ್ನ ಗೆಳತೀನ ಕೂರಿಸ್ಕೊಂಡು ಸೋಮವಾರದೊಳಗೆ ಸರಿಮಾಡು, ಇಲ್ಲಾಂದ್ರೆ ಬೇರೆಯವರ ಹತ್ರ ಬರೆಸ್ತೀನಿ" ಎಂದರು ಸಂಪಾದಕರು. ನೀನು ಊರಲ್ಲಿಲ್ಲ ಎಂದುಬಿಟ್ಟೆ ನಾನು.

ಬರುವಾಗ ನಿಮ್ಮ ಬೀದಿಯಲ್ಲೇ ಬಂದೆ. ನಿನ್ನ ಕಿಟಕಿ ತೆರೆದಿತ್ತು. ಹೆಗಲ ಮೇಲೆ ಮಲಗಿದ್ದ ಮಗಳು ಎದ್ದು ಅತ್ತರೆ ನಿನಗೆ ಕೇಳಿಸೀತೆಂದು ಬೇಗ ಬೇಗ ನಡೆದೆ.