ಪಡುವಣ ಗೋಡೆಯ ನಿದ್ದೆಗಳು

ಹೊಲಿಗೆ ಅಂಗಡಿಯಿಂದ,
೧೪ನೇ ತಾರೀಖು, ಸಂಜೆ ನಾಲ್ಕು

ಪ್ರೀತಿಯ ಇವಳೇ,

ತಲೆಸುತ್ತು ಈಗ ಹೇಗಿದೆ? ನಿಮ್ಮಕ್ಕ ಹೊತ್ತಿಗೆ ಸರಿಯಾಗಿ ಬಡಿಸುತ್ತಾರೆಂದು ಬಲ್ಲೆ. ನೀನು ಉಣ್ಣುತ್ತೀಯೋ ಇಲ್ಲವೋ, ಅದು ಬೇರೆ ಮಾತು. ನಾನು ಚೆನ್ನಾಗಿದ್ದೇನೆ. ನನ್ನ ಅಡುಗೆ ನನಗೇ ಸೇರುತ್ತಿಲ್ಲ, ಅಷ್ಟೇ.

"ಆ ಗೋಡೆ ಸರಿಯಾಗೋವರೆಗೂ ನಾನು ಅಂಗಡಿಗೆ ಕಾಲಿಡಲ್ಲ" ಎಂದು ಬಸ್ಸು ಹತ್ತಿದೆಯಲ್ಲ, ಮಾರನೆಯ ದಿನವೇ ಗೋಡೆಗೆ ಶಾಖ ತಡೆಯುವ ಹಾಸು ಹೊದಿಸಲು ಮೇಸ್ತ್ರಿಯನ್ನು ಕರೆಸಿದೆ. ಥರ್ಮಾಕೋಲ್, ಕಾರ್ಕ್, ಕಲ್ಲು ಕರಗಿಸಿ ಉಣ್ಣೆಯ ಹಾಗೆ ಎಳೆದ ರಾಕ್‌ವೂಲ್, ಹೀಗೆ ಮೂರು ತುಂಡು ಕೊಟ್ಟು, "ನೋಡಿ ಹೇಳಿ ಸಾರ್" ಎಂದು ಹೋದ. ನೋಡಿದರೆ ಏನು ತಿಳಿಯುತ್ತದೆ? ಬಟ್ಟೆಯನ್ನು ಮುಟ್ಟದೆ ಕತ್ತರಿ ಹಾಕದವನು ನಾನು. ದಿನಕ್ಕೊಂದು ತುಂಡನ್ನು ಪಡುವಣ ಗೋಡೆಗೆ ಆನಿಸಿ, ನಿನ್ನ ಸ್ಟೂಲಿನ ಮೇಲೆ ಕೂತು, ಅದಕ್ಕೆ ಬೆನ್ನು ಕೊಟ್ಟು ಮಧ್ಯಾಹ್ನದ ನಿದ್ದೆ ಮಾಡಿದೆ. ನಗಬೇಡ. ಥರ್ಮಾಕೋಲಿನ ದಿನ ಕನಸಿನಲ್ಲಿ ಅಂಗಡಿಯೇ ಹಗುರಾಗಿ, ಗುಂಡಿ ಡಬ್ಬಿಗಳ ಸಮೇತ ಬೀದಿಯ ಮೇಲೆ ತೇಲಿತು. ಎದ್ದು ನೋಡಿದರೆ ಪಕ್ಕದ ಇಸ್ತ್ರಿಪೆಟ್ಟಿಗೆ ತಾಗಿ ಥರ್ಮಾಕೋಲಿನ ಮೂಲೆ ಕರಗಿತ್ತು. ಅದರ ಕಥೆ ಅಲ್ಲಿಗೆ ಮುಗಿಯಿತು. ಕಾರ್ಕಿನ ದಿನ ದೊಡ್ಡ ಮರದ ಹೊಟ್ಟೆಯೊಳಗೆ ಕೂತು ಕಾಜಾ ಹೊಲಿಯುತ್ತಿದ್ದೆ, ಏನು ಹಿತ! ಆದರೆ ಅಷ್ಟು ಕಾರ್ಕ್ ಬರಲು ಆರು ತಿಂಗಳಂತೆ. ರಾಕ್‌ವೂಲಿನ ದಿನ ಬೀದಿಯೆಲ್ಲ ಮೆತ್ತಗಾಗಿತ್ತು. ಜನ ಬಾಯಾಡಿಸುತ್ತಿದ್ದರು, ಸದ್ದಿಲ್ಲ. ನೀನೂ ಏನೋ ಹೇಳುತ್ತಿದ್ದೆ, ಕೇಳಿಸಲಿಲ್ಲ.

ಬೆಂಕಿಗೆ ಹೆದರುವುದಿಲ್ಲವೆಂದು ಅದನ್ನೇ ಆರಿಸಿದೆ. "ಹೊರಗಡೆಯಿಂದ ಹಾಕಿ ಗಾರೆ ಮಾಡಿದ್ರೆ ಗೋಡೆಗೆ ಬಿಸಿಲೇ ತಾಗಲ್ಲ, ಒಳಗೆ ಜಾಗಾನೂ ಉಳಿಯುತ್ತೆ" ಎಂದ ಮೇಸ್ತ್ರಿ. ಆಗಲಿ ಎಂದೆ.

ವ್ಯತ್ಯಾಸ ತಿಳಿಯಲೆಂದು ಇವತ್ತು ಬರಿಗೋಡೆಗೇ ಒರಗಿ ಕೂತೆ. ನಿದ್ದೆ ಹತ್ತಿರವೂ ಸುಳಿಯಲಿಲ್ಲ. ಅರ್ಧ ಗಂಟೆಗೆ ಕಣ್ಣಿಗೆ ಕತ್ತಲೆ ಕವಿದು ಎದ್ದುಬಿಟ್ಟೆ. ನೀನು ಅಲ್ಲಿ ಹನ್ನೊಂದು ವರ್ಷ ಕೂತು ಹೊಲಿದೆ. ಬಾಗಿಲ ಗಾಳಿಯಲ್ಲಿ ನಿಂತು ಬಟ್ಟೆ ಕತ್ತರಿಸುತ್ತ, "ಬೇಸಿಗೆ ಅಂದ್ಮೇಲೆ ಸೆಖೆ ಇರಲ್ವಾ" ಎನ್ನುತ್ತಿದ್ದವನು ನಾನು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತೀಯ, ನನಗೆ ಬೇಕಾಯಿತು. ನಾಚಿಕೆಯಾಗುತ್ತಿದೆ ಕಣೇ.

ನಿಮ್ಮಕ್ಕ ಭಾವನವರಿಗೆ ನನ್ನ ನಮಸ್ಕಾರ ಹೇಳು. ಮೈ ಹುಷಾರು.

ಇತಿ,
ನಿನ್ನ ‘ಏನ್ರೀ’

ಬರೆಯಲು ಮರೆತೆ: ಮೇಸ್ತ್ರಿ ಬರಲು ಇನ್ನೂ ಒಂದು ತಿಂಗಳು. ನೀನು ಅಷ್ಟು ದಿನ ಕಾಯಬೇಡ. ಈಗಷ್ಟೇ ಪಕ್ಕದ ಅಂಗಡಿಯವನನ್ನು ಕರೆದು, ಇಬ್ಬರೂ ಸೇರಿ ನಿನ್ನ ಮಿಷನ್ನನ್ನು ಬಾಗಿಲ ಬಳಿಗೂ ನನ್ನ ಮೇಜನ್ನು ಆ ಗೋಡೆಯ ಬಳಿಗೂ ಎತ್ತಿಟ್ಟೆವು. ಹತ್ತು ನಿಮಿಷವೂ ಹಿಡಿಯಲಿಲ್ಲ.